ಮಧ್ಯಾಹ್ನ ಬರುವ ಗುಮಾಸ್ತ

ಉದ್ಯೋಗವುಳ್ಳ ಮಹನೀಯರೇ, ಉದ್ಯೋಗವಿಲ್ಲದ ನನ್ನ ಆತ್ಮೀಯರೇ, ಇಂದು ಗುಂಡ್ಲುಪೇಟೆಯಲ್ಲಿ ನನಗೆ ಕೆಲಸ ಸಿಕ್ಕಿತು. ಚಪ್ಪಾಳೆ ಬೇಡ.

ಗೊಬ್ಬರದಂಗಡಿಯ ಗುಮಾಸ್ತನ ಕೆಲಸ. ವಾರಕ್ಕೆ ಮೂರು ದಿನ ಹೆಂಡತಿಯನ್ನು ಡಯಾಲಿಸಿಸ್‌ಗೆ ಚಾಮರಾಜನಗರಕ್ಕೆ ಕರೆದೊಯ್ಯಬೇಕು, ಆ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದೆ. ಇದೇ ಮಾತಿಗೆ ಬೇರೆ ಮೂರು ಕಡೆ “ಹೇಳಿ ಕಳಿಸ್ತೀವಿ” ಎಂದು ಸಾಗಹಾಕಿದ್ದರು.

ಮಾಲೀಕರು ಕನ್ನಡಕ ತೆಗೆದರು. “ಬೆಳಗ್ಗೆ ಬರೋ ರೈತರ್ಗೆ ನಾ ಏನೇಳ್ಲಪ್ಪ? ನಮ್ ಗುಮಾಸ್ತ ಮಧ್ಯಾನ ಹುಟ್ತಾನೆ ಅನ್ಲಾ?”

“ಸಂಜೆ ಬಾಗ್ಲು ಹಾಕೋಗಂಟ ಇರ್ತೀನಿ ಕಣಣ್ಣ.”

“ಇಂಗೆ ಎಷ್ಟು ದಿನ?”

ಡಯಾಲಿಸಿಸ್ ಎಂದರೆ ಬದುಕಿರುವಷ್ಟೂ ದಿನ. ಹಾಗೆಂದು ಹೇಳಿದರೆ ಇಲ್ಲಿಯೂ ಕೆಲಸವಿಲ್ಲ.

“ನಾಕೇ ತಿಂಗ್ಳು ಅಣ್ಣ. ಆಮೇಲೆ ದಿನಾ ಬೆಳಗ್ಗೇನೆ ಬತ್ತೀನಿ.”

ಅವರು ನನ್ನ ಮುಖವನ್ನೇ ನೋಡಿದರು. “ಅಯ್ಯೋ ಶಿವ್ನೇ, ಡಾಕ್ಟ್ರು ಕೈ ಬುಟ್ಬುಟ್ರಾ?”

ಹೌದೆಂದು ತಲೆಯಾಡಿಸಿದೆ.

“ನಾಳಿಂದ್ಲೇ ಬಂದ್ಬುಡಪ್ಪ” ಎಂದು ಟೀ ತರಿಸಿದರು. ಪೂರ್ತಿ ಕುಡಿದೆ.

ನನ್ನ ಸಮಯ ಹಿಗ್ಗಿಸಿಕೊಳ್ಳಲು ಹೋದವನು ಅವಳ ಸಮಯ ಕುಗ್ಗಿಸಿ ಬಂದೆ.

ಡಾಕ್ಟರು ಏನೂ ಹೇಳಿರಲಿಲ್ಲ. ನಾಲ್ಕು ತಿಂಗಳು ಎಂದವನು ನಾನೇ.