ತುಂಬಿದ ತಂಬಿಗೆ

ನಮ್ಮ ಅತ್ತೆಯ ಬಾಯಿಗೆ ಹೂವಿನಹಡಗಲಿಯ ನಮ್ಮ ಓಣಿಯೇ ಹೆದರುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸೊಸೆಯಾಗಿ ಆ ಮನೆಗೆ ಬಂದೆ. ರೊಟ್ಟಿ ದಪ್ಪವಾದರೂ ಬೈಗುಳ, ತೆಳುವಾದರೂ ಬೈಗುಳ. ನಾನೂ ಸುಮ್ಮನಿರುವ ಪೈಕಿ ಅಲ್ಲ. ಹಾಗಾಗಿ ಮನೆಯಲ್ಲಿ ಬೇಸರಕ್ಕೆ ಜಾಗವಿರಲಿಲ್ಲ.

ಅಂಥ ಅತ್ತೆ ಒಂದು ಬೇಸಿಗೆಯಲ್ಲಿ ಮಾತು ಬಿಟ್ಟರು. ಮೊಣಕಾಲು ಸವೆದು ಓಲಾಡುತ್ತಾ ನಡೆಯತೊಡಗಿ ವರ್ಷಗಳೇ ಆಗಿದ್ದವು. ಎಣ್ಣೆ, ಗುಳಿಗೆ ಎರಡೂ ನಡೆದಿದ್ದವು. ಆದರೆ ಈ ಮೌನ ಹೊಸದು. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ರಾತ್ರಿ ಊಟ ಬಿಟ್ಟರು. ಮಲ್ಲಿಗೆ ಮೊಗ್ಗು ಮುಂದಿಟ್ಟರೆ ಕಟ್ಟದೆ ಬಾಡಲು ಬಿಡುತ್ತಿದ್ದರು. ಒಮ್ಮೆ ಬೇಕೆಂದೇ ರೊಟ್ಟಿ ಸುಟ್ಟು ಬಡಿಸಿದೆ. ಒಂದು ಮಾತೂ ಬರಲಿಲ್ಲ. ಆವತ್ತು ನನಗೆ ನಿಜವಾಗಿ ಭಯವಾಯಿತು.

ಕಾಲನ್ನಷ್ಟೇ ನೋಡಿದ ಡಾಕ್ಟರು, ಏನನ್ನೋ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದರು. ಗಾಳಿ ಸೋಕಿದೆ ಎಂದು ಯಾರೋ ದಾರ ಕಟ್ಟಿದರು. ವಯಸ್ಸಾಯಿತಲ್ಲ ಎಂದರು ನನ್ನ ಗಂಡ. ಅತ್ತೆ ಅಪರೂಪಕ್ಕೆ ಬಾಯಿ ಬಿಟ್ಟರೆ, ಶಿವ ಕರೆದುಕೊಂಡರೆ ಸಾಕು ಎನ್ನುತ್ತಿದ್ದರು, ಅಷ್ಟೇ. ಅಷ್ಟು ಸಲೀಸಾಗಿ ಶಿವನಿಗೆ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ಒಂದು ಮಧ್ಯಾಹ್ನ ನಾನು ಕೊಟ್ಟ ತಂಬಿಗೆ ನೀರನ್ನು ಅವರು ತುಟಿಗೂ ಸೋಕಿಸದೆ ಕಿಟಕಿಯಿಂದ ಹೊರಗೆ ಚೆಲ್ಲುವುದನ್ನು ಕಂಡೆ. ಹೊರಗೆ ತಲೆ ಸಿಡಿಯುವ ಬಿಸಿಲು. ಬಾಗಿಲು ಹಾಕಿ ಎದುರಿಗೆ ಕುಳಿತು ಯಾಕೆಂದು ಕೇಳಿದೆ. ಹೇಳುವ ತನಕ ಏಳಲಿಲ್ಲ.

"ಕುಡದ್ರ ಬಯಲಿಗೆ ಹೋಗಬೇಕಾಕ್ಕತಿ. ಹೋದ್ರ ಕುಂದ್ರಾಕ ಬರಂಗಿಲ್ಲ, ಕುಂತ್ರ ಏಳಾಕ ಬರಂಗಿಲ್ಲ."

ಆಗ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಪಾಯಿಖಾನೆ ಇರಲಿಲ್ಲ. ಹೆಂಗಸರು ನಸುಕಿನಲ್ಲಿ ಗುಂಪು ಕಟ್ಟಿಕೊಂಡು ಜಾಲಿ ಗಿಡಗಳ ಕಡೆ ಹೋಗುತ್ತಿದ್ದರು. ಓಣಿಯ ನ್ಯಾಯವೆಲ್ಲ ತೀರ್ಮಾನವಾಗುತ್ತಿದ್ದುದು ಆ ದಾರಿಯಲ್ಲೇ. ಕೊನೆಯ ಮಾತು ಅತ್ತೆಯದೇ. ಕೂಸು ಅತ್ತು ನಾನು ಮನೆಯಲ್ಲೇ ಉಳಿದ ಒಂದು ದಿನ ಅಲ್ಲಿ ಏಳಲಾರದೆ ಪಕ್ಕಕ್ಕೆ ಬಿದ್ದರಂತೆ. ಇಬ್ಬರು ರಟ್ಟೆ ಹಿಡಿದು ಎತ್ತಿದರಂತೆ, ಹಿಂದೆ ಯಾರೋ ನಕ್ಕರಂತೆ. ಅಂದಿನಿಂದ ಗುಂಪನ್ನೂ ಬಿಟ್ಟರು, ನೀರನ್ನೂ ಬಿಟ್ಟರು. ಕತ್ತಲಾದ ಮೇಲೆ ಹಿತ್ತಲಿನ ಗೋಡೆ ಹಿಡಿದು ನಿಂತೇ ಹೇಗೋ ಮುಗಿಸುತ್ತಿದ್ದರು. ಕೇಳಿ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಮರುದಿನವೇ ಬಡಗಿಯ ಹತ್ತಿರ ಹೋದೆ. ಗಟ್ಟಿ ಕೈಗಳಿರುವ ಕುರ್ಚಿ ಬೇಕು, ಕೂರುವ ಹಲಗೆಯ ನಡುವೆ ದೊಡ್ಡ ತೂತು ಬೇಕು ಎಂದೆ. ತೂತು ಯಾತಕ್ಕೆಂದು ಕೇಳಿದ, ಯಾತಕ್ಕೆಂದು ಹೇಳಿದೆ. ಅಳತೆಪಟ್ಟಿ ಕೈಗೆತ್ತಿಕೊಂಡ. ಮನೆಗೆ ಬಂದರೆ ಗಂಡನ ತಕರಾರು, ಜನ ಏನಂದಾರು ಎಂದು.

"ಜನ ಬಂದು ನಿಮ್ಮವ್ವನ್ನ ಎತ್ತಿ ನಿಲ್ಲಸ್ತಾರೇನ್ರಿ?" ಎಂದು ಗುದ್ದಲಿ ಕೈಗೆ ಕೊಟ್ಟೆ. ಗೊಣಗುತ್ತಲೇ ಹಿತ್ತಲಲ್ಲಿ ಗುಂಡಿ ತೋಡಿದರು. ಸುತ್ತ ಜೋಳದ ದಂಟಿನ ತಡಿಕೆ ಕಟ್ಟಿ ಒಳಗೆ ಗುಂಡಿಯ ಮೇಲೆ ಕುರ್ಚಿ ಇಟ್ಟೆವು.

ಅತ್ತೆ ಅತ್ತ ತಿರುಗಿಯೂ ನೋಡಲಿಲ್ಲ. ಹಾಗಾದರೆ ನಾನೂ ನೀರು ಮುಟ್ಟುವುದಿಲ್ಲ ಎಂದು ತುಂಬಿದ ತಂಬಿಗೆಯನ್ನು ನಡುವೆ ಇಟ್ಟುಕೊಂಡು ಅವರ ಮುಂದೆ ಕುಳಿತೆ. ಮಡಿಲಲ್ಲಿ ಮೊಲೆ ಕುಡಿಯುವ ಮಗು. ಬೆಳಗಿನಿಂದ ಕುಳಿತವಳಿಗೆ ಮಧ್ಯಾಹ್ನದ ಹೊತ್ತಿಗೆ ನಾಲಗೆ ಅಂಗುಳಕ್ಕೆ ಅಂಟತೊಡಗಿತು. ಸಂಜೆಯಾಗುತ್ತಿದ್ದಂತೆ ಮಗು ರಚ್ಚೆ ಹಿಡಿಯಿತು. ಅತ್ತೆ ಗೋಡೆಯಿಂದ ಇತ್ತ ತಿರುಗಿದರು.

"ಕೂಸಿನ ಹಾಲು ಬತ್ತಿಸ್ತೀಯೇನ, ಹಟಮಾರಿ? ಕುಡಿ ಮೊದ್ಲು."

ತಿಂಗಳುಗಳ ಮೇಲೆ ಕೇಳಿದ ಬೈಗುಳ. ನನಗೆ ಕಣ್ಣು ತುಂಬಿ ಬಂತು, ಆದರೂ ಕೈ ಚಾಚಲಿಲ್ಲ.

"ಮೊದ್ಲು ನೀವು ಕುಡೀರಿ, ಅತ್ತಿ."

ಮಗುವನ್ನು ನೋಡಿದರು, ನನ್ನನ್ನು ನೋಡಿದರು. ತಂಬಿಗೆ ಎತ್ತಿ ಗಟಗಟನೆ ತಳದ ತನಕ ಕುಡಿದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಹೆಗಲಿಗೆ ಕೈ ಕೊಟ್ಟು, "ನಡಿ, ಅದನ್ನ ಎಲ್ಲಿಟ್ಟೀದಿ ತೋರ್ಸು" ಎಂದರು.

ಮೊಣಕಾಲು ಕೊನೆಗೂ ಸರಿಹೋಗಲಿಲ್ಲ. ನಸುಕಿನ ಗುಂಪು ಮಾತ್ರ ಹಿಂದಿರುಗುವಾಗ ನಮ್ಮ ಹಿತ್ತಲ ಬಾಗಿಲಲ್ಲಿ ನಿಲ್ಲತೊಡಗಿತು. ಕುರ್ಚಿಯ ಸುದ್ದಿ ಎತ್ತಿ ನಗಾಡಿದವರಲ್ಲೇ ಕೆಲವರು ಹಿಂದೆ ಉಳಿದು, ಬಡಗಿಯ ಮನೆ ಯಾವುದೆಂದು ಮೆಲ್ಲಗೆ ಕೇಳುತ್ತಿದ್ದರು. ಅತ್ತೆ ಓಣಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತಿದ್ದರು.

ಆ ವಾರದಿಂದಲೇ ಅವರ ಕಣ್ಣಿಗೆ ನನ್ನ ರೊಟ್ಟಿ ಮತ್ತೆ ದಪ್ಪವಾಯಿತು.