ಸೈನೈಡ್ ದಿಬ್ಬದ ದೊಡ್ಡ ಪಾದ

ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಹಳೇ ಗೋಣಿಚೀಲ ಮಾರುವ ಅಂಗಡಿಯ ಮುಂದೆ ನಿಂತಿದ್ದೇನೆ. ಬೆಳಿಗ್ಗೆ ಒಂದು ಹದ ಮಳೆ ಬಿದ್ದಿದೆ. ನೆನೆದ ಗೋಣಿಯ ವಾಸನೆ ನಿಮಗೆ ಗೊತ್ತಿರಬೇಕಲ್ಲ? ಅರ್ಧ ಮಣ್ಣು, ಅರ್ಧ ಕಡಲೆಕಾಯಿ, ನಡುವೆ ಎಲ್ಲೋ ಒಂಚೂರು ಬೆಲ್ಲ. ಹೋಗಿಬರುವವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಆ ವಾಸನೆಗೆ ನಗು ಬರುತ್ತದೆ. ನನ್ನ ಜೊತೆ ಬಂದವರು ಒಳಗೆ ಚೀಲ ಆರಿಸುತ್ತಿದ್ದಾರೆ. ಅವರು ಬರುವಷ್ಟರಲ್ಲಿ ನಿಮಗೆ ಹೇಳಿಬಿಡುತ್ತೇನೆ, ಕೇಳಿ.

ನಮ್ಮೂರು ಮಾರಿಕುಪ್ಪಂ ಪಕ್ಕದ ಹಳ್ಳಿ. ಊರಿಗೂ ಸ್ಟೇಷನ್ನಿಗೂ ನಡುವೆ ಸೈನೈಡ್ ದಿಬ್ಬ. ಗಣಿಯವರು ಚಿನ್ನ ತೆಗೆದುಕೊಂಡು ನಮಗೆ ಬಿಟ್ಟುಹೋದ ಕಲ್ಲುಪುಡಿಯ ಗುಡ್ಡ ಅದು. ಬೇಸಿಗೆಯಲ್ಲಿ ಹಾರಿ ಕಣ್ಣಿಗೆ ಬೀಳುತ್ತದೆ. ಮಳೆ ಬಂದರೆ ಕಲಸಿದ ಹಿಟ್ಟಿನ ಹಾಗೆ ಮೆತ್ತಗಾಗಿ, ಕಾಗೆ ಕೂತೆದ್ದರೂ ಗುರುತು ಉಳಿಸಿಕೊಳ್ಳುತ್ತದೆ.

ಚಿಕ್ಕಪ್ಪ ನಾರಾಯಣಪ್ಪ ಬಂಗಾರಪೇಟೆಯ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ. ಮಳೆಗಾಲದಲ್ಲಿ ಹಮಾಲಿಗಳು ಪಾದಕ್ಕೆ ಗೋಣಿ ಸುತ್ತಿ, ಹಗ್ಗ ಬಿಗಿದುಕೊಂಡು ಲಾರಿಗೆ ಒರಗಿಸಿದ ಹಲಗೆ ಹತ್ತುತ್ತಾರೆ, ಜಾರಬಾರದು ಅಂತ. ತಲೆಗೆ ಚೀಲದ ಮೂಲೆ ಮಡಚಿ ಮಾಡಿದ ಗೋಣಿಕೊಪ್ಪೆ. ಕೆಲವು ವರ್ಷದ ಹಿಂದೆ ಒಂದು ದಿನ ಅವಸರದಲ್ಲಿ ಅವನು ಪಾದಕ್ಕೆ ಕಟ್ಟಿಕೊಳ್ಳದೆ ಹಲಗೆ ಹತ್ತಿದ. ಮೂಟೆಯ ಸಮೇತ ಬಿದ್ದ. ತೊಡೆಯ ಮೂಳೆ ಮುರಿದು, ಒಳಗೆ ರಾಡು ಹಾಕಿದರು. ಮೂಳೆ ಕೂಡಿದ ಮೇಲೆ ಡಾಕ್ಟರು, "ಇನ್ನು ನಡೀಬೇಕು. ಹೀಗೇ ಮಲಗಿದ್ರೆ ಕಾಲು ಕೊರಡಾಗುತ್ತೆ" ಅಂದರು. ಚಿಕ್ಕಪ್ಪ ಏಳಲಿಲ್ಲ. ಜಗಲಿಯ ಮೇಲಿನ ಮಂಚವೇ ಅವನ ಲೋಕವಾಯಿತು. ಆಸ್ಪತ್ರೆಯಿಂದ ತಂದ ವಾಕರಿನ ಮೇಲೆ ಒದ್ದೆ ಟವೆಲ್ಲು ಒಣಗುತ್ತಿತ್ತು.

ಚಿಕ್ಕಮ್ಮ ರತ್ನಮ್ಮ ಮೊದಲ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವವಳು. ಹೊರಡುವ ಮುಂಚೆ ದಿನಾ, "ನಿನ್ ದಮ್ಮಯ್ಯ, ಒಂದೆಜ್ಜೆ ಇಕ್ಕಯ್ಯ" ಅನ್ನುತ್ತಿದ್ದಳು. ಅವನು ಗೋಡೆಗೆ ಮುಖ ತಿರುಗಿಸುತ್ತಿದ್ದ. ಒಂದು ಸಾಯಂಕಾಲ ಅವಳು ಸೆರಗು ಬಾಯಿಗಿಟ್ಟುಕೊಂಡು, "ನಿಮ್ ಚಿಕ್ಕಪ್ಪ ಇನ್ ಏಳೋದೇ ಇಲ್ವೇನಪ್ಪಾ?" ಅಂತ ನನ್ನ ಕೇಳಿದಳು. "ಎದ್ದೇಳ್ತಾನೆ ಬಿಡು ಚಿಕ್ಕಮ್ಮ" ಅಂದೆ. ನನಗೇ ನಂಬಿಕೆ ಇರಲಿಲ್ಲ.

ಅಂಥ ಹೊತ್ತಿನಲ್ಲಿ ದಿಬ್ಬದ ಮೇಲೆ ಹೆಜ್ಜೆ ಕಂಡವು. ಮೊದಲು ನೋಡಿದವರು ರೈಲಿಗೆ ಹೋಗುವ ಹೆಂಗಸರೇ. ಅಯ್ಯಯ್ಯೋ, ಎಂಥ ಹೆಜ್ಜೆ ಅಂತೀರಿ! ಮೊರದಗಲ. ಬೆರಳಿಲ್ಲ. ಒಂದು ನೇರ, ಇನ್ನೊಂದು ಹೊರಕ್ಕೆ ತಿರುಗಿ ಎಳೆದ ಹಾಗೆ. ಪಕ್ಕದಲ್ಲಿ ಅಲ್ಲಲ್ಲಿ ದುಂಡನೆಯ ತೂತು. ಅವತ್ತು ಇಡೀ ಊರು ಚಿಕ್ಕಪ್ಪನ ಜಗಲಿಯ ಮುಂದಿನ ಬೇವಿನ ಮರದ ಕೆಳಗೆ ಸೇರಿತು.

ಪಕ್ಕದ ಮನೆಯ ಸೆಲ್ವಿಯಕ್ಕ ತಮಿಳು ಬೆರೆಸಿ, "ಸಾಮೀ, ಇದು ನಮ್ಮ ಮುನೀಶ್ವರನ್ ದಾನ್. ಕಾವಲ್ ತಿರುಗ್ತಾವ್ನೆ" ಅಂದು ಕೆನ್ನೆಗೆ ಬಡಿದುಕೊಂಡಳು. ಕಾಮಸಮುದ್ರದ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ಎಂಕಟಪ್ಪ, "ಮುನಿನೂ ಇಲ್ಲ ಗಿನಿನೂ ಇಲ್ಲ. ಎಲುಗುಬಂಟಿ, ಕರಡಿ ಕಣಮ್ಮೋ. ನಮ್ ಕಡೆ ಎಷ್ಟು ಬತ್ತಾವೆ!" ಅಂದ. ನಾನು ಬಿಟ್ಟೇನೆಯೇ? ಜೆರಾಕ್ಸ್ ಅಂಗಡಿ ಇಟ್ಟವನು, ಅಸಲು ನಕಲು ನನ್ನಷ್ಟು ಬಲ್ಲವರು ಊರಲ್ಲಿ ಯಾರೂ ಇಲ್ಲ ಅನ್ನುವ ಜಂಬ ಬೇರೆ. ಪರದೇಶದ ಕಾಡುಗಳಲ್ಲಿ ಓಡಾಡುವ ದೊಡ್ಡ ಪಾದದ ಕೂದಲು ಮನುಷ್ಯನ ವಿಡಿಯೋಗಳನ್ನು ಫೋನಿನಲ್ಲಿ ಹಿಂದಿನ ವಾರವಷ್ಟೇ ನೋಡಿ ಮುಗಿಸಿದ್ದೆ. ಹೆಜ್ಜೆಯ ಪಕ್ಕ ನನ್ನ ಚಪ್ಪಲಿ ಇಟ್ಟು ಫೋಟೋ ತೆಗೆದೆ. ಗುರುತಿನೊಳಗೆ ಅಡ್ಡಡ್ಡ ಉದ್ದುದ್ದ ಸಣ್ಣ ಗೆರೆಗಳಿದ್ದವು. "ಕೂದಲಿನ ಅಚ್ಚು" ಅಂತ ತೀರ್ಪು ಕೊಟ್ಟೆ. ಆ ತೂತುಗಳು? "ಬಾಲ ಊರ‍್ಕೊಂಡು ನಡೆಯುತ್ತೆ" ಅಂದೆ. ಈಗ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತದೆ.

ಸಾಕ್ಷಿ ಮಳೆಗೆ ಕರಗಬಾರದು ಅಂತ ಚೆನ್ನಾಗಿ ಮೂಡಿದ ಒಂದು ಹೆಜ್ಜೆಯ ಮೇಲೆ ಬಿದಿರಿನ ಮಂಕರಿ ಕವುಚಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಕಲ್ಲು ಹೇರಿ ಬಂದೆ. ಕೋಳಿಮರಿಯನ್ನೂ ಯಾರೂ ಅಷ್ಟು ಜೋಪಾನ ಮಾಡಿರಲಾರರು. ಮಾರನೆಯ ದಿನ ಹೋದರೆ ಸೆಲ್ವಿಯಕ್ಕ ಮಂಕರಿಗೇ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕುಯ್ದಿಟ್ಟಿದ್ದಳು.

ಚಿಕ್ಕಪ್ಪ ಮಂಚದ ಮೇಲಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಒಂದೇ ಒಂದು ಸಲ ಬಾಯಿ ಬಿಟ್ಟ: "ಒಂದ್ ಕಾಲು ಎಳ್ದಂಗೈತಾ? ಪಾಪ, ಅದಕ್ಕೂ ನೋವೇನೋ. ಕಲ್ಲುಗಿಲ್ಲು ಒಗೀಬ್ಯಾಡ್ರಲಾ." ಮಲಗಿದಲ್ಲೇ ಇದ್ದರೂ ಕಾಣದ ಪ್ರಾಣಿಯ ಮೇಲೆ ಎಷ್ಟು ಕರುಣೆ ಇವನಿಗೆ ಅಂತ ನನಗೆ ಅಳು ಬಂದಹಾಗಾಯಿತು.

ಹೆಜ್ಜೆ ದಿನಾ ಹೊಸದಾಗಿ ಮೂಡುತ್ತಿತ್ತು. ಹೆಂಗಸರಿಗೆ ಆ ದಾರಿ ತುಳಿಯಲು ಭಯ, ರೈಲು ತಪ್ಪಿದರೆ ಕೆಲಸ ಹೋಗುವ ಭಯ. ಕೊನೆಗೆ ಟೀ ಅಂಗಡಿಯಲ್ಲಿ ತೀರ್ಮಾನವಾಯಿತು: ನಾಳೆ ಬೆಳಗಿನ ಜಾವ ಎಲ್ಲರೂ ಒಟ್ಟಿಗೆ ಹೊರಡುವುದು, ರೈಲು ತಪ್ಪಿದರೆ ತಪ್ಪಲಿ, ಕಾದಿದ್ದು ನೋಡೇಬಿಡುವುದು.

ಬೆಳಕು ಹರಿಯುವಾಗ ಮಂಜು ಕವಿದಿತ್ತು. ನಾವು ದಿಬ್ಬದ ಬುಡದ ಜಾಲಿಪೊದೆಯ ಹಿಂದೆ ಕೂತಿದ್ದೆವು, ದೊಣ್ಣೆ, ಕಲ್ಲು, ಒಂದು ತಮಟೆ ಸಮೇತ. ಸ್ವಲ್ಪ ಹೊತ್ತಿಗೆ ಬಂತು. ನಾನು ಕಣ್ಣಾರೆ ನೋಡಿದೆ. ಕತ್ತಿಲ್ಲ. ಚೂಪು ತಲೆ. ಆನೆಯಂಥ ಪಾದ. ವಿಡಿಯೋದಲ್ಲಿದ್ದ ಹಾಗೇ! ಫೋನ್ ತೆಗೆದು ಒತ್ತಿದೆ. ಅದರಲ್ಲಿ ಆಮೇಲೆ ಸಿಕ್ಕಿದ್ದು ನನ್ನ ಚಪ್ಪಲಿ ಮತ್ತು ಒಂದಿಷ್ಟು ಆಕಾಶ. ಎಂಕಟಪ್ಪ ಕಲ್ಲೆತ್ತಿದ.

ಚಿಕ್ಕಮ್ಮ ಅವನ ರಟ್ಟೆಗೆ ಜೋತುಬಿದ್ದಳು. "ಕಲ್ಲು ಕೆಳಗಾಕೋ! ಆ ಕೊಪ್ಪೆ ನೋಡ್ರೋ, ಮೂಲೆ ಒಳಕ್ ಮಡ್ಸಿರೋದು. ಅಂಗ್ ಮಡ್ಸೋದು ನಮ್ಮನೇರು ಕಣ್ರೋ!"

ಎಂಕಟಪ್ಪ ಕಲ್ಲು ಕೆಳಗಿಟ್ಟ. ಆ ಆಕಾರ ಕೋಲು ಊರಿತು, ಒಂದು ಹೆಜ್ಜೆ ಇಟ್ಟಿತು, ಕಾಲೆಳೆದು ಇನ್ನೊಂದು ಇಟ್ಟಿತು.

"ನಡೀತಾವ್ರೆ! ಅಯ್ಯೋ ದೇವ್ರೇ, ನಡೀತಾವ್ರೆ ಕಣೋ!"

ಚಿಕ್ಕಮ್ಮ ಓಡಿದಳು. ತಬ್ಬಿಕೊಳ್ಳುತ್ತಾಳೆ ಅಂದುಕೊಂಡೆವು. ಹೋದವಳೇ ಅವನ ಪಾದ ನೋಡಿ, "ಕಡಲೆಕಾಯಿ ತುಂಬಕ್ಕೆ ಇಕ್ಕಿದ್ ಒಳ್ಳೇ ಗೋಣಿ ಅರ‍್ದಾಕಿದ್ದೀಯಲ್ಲಯ್ಯಾ!" ಅಂತ ಬೈಯುತ್ತಾ ಬೈಯುತ್ತಾ ಅಲ್ಲೇ ಕುಸಿದು ಅವನ ಕಾಲು ಹಿಡಿದುಕೊಂಡು ಅತ್ತಳು.

ಚಿಕ್ಕಪ್ಪ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ನಿಂತಿದ್ದ. "ಮೂಟೆ ಒರೋನು ನಾನು. ಊರೋರ್ ಮುಂದೆ ಕೂಸಿನಂಗೆ ತಪ್ಪೆಜ್ಜೆ ಇಕ್ಲಾ? ಇಲ್ಲಿ ಬಿದ್ರೂ ಮೆತ್ತಗೈತೆ, ನೋಡೋರೂ ಇಲ್ಲ ಅಂದ್ಕಂಡೆ. ನೀವ್ ಬಂದು ಮಂಕರಿ ಮುಚ್ಚಿದ್ರಿ" ಅಂದ. ಚಿಕ್ಕಮ್ಮ ರೈಲಿಗೆ ಹೊರಟ ಮೇಲೆ ದಿನಾ ಅವನು ಏಳುತ್ತಿದ್ದನಂತೆ. ಮತ್ತೆ ಜಾರುವ ಭಯಕ್ಕೆ ಪಾದಕ್ಕೆ ಗೋಣಿ ಸುತ್ತುತ್ತಿದ್ದನಂತೆ. ಹಮಾಲಿಗಳು ಗೋಣಿ ಕಟ್ಟುವುದು ಊರಿಗೆಲ್ಲ ಗೊತ್ತು. ಆದರೂ ಒಬ್ಬರಿಗೂ ಹೊಳೆಯಲಿಲ್ಲ. ಅವನು ಏಳುವುದಿಲ್ಲ ಅಂತ ನಾವೆಲ್ಲ ಆಗಲೇ ತೀರ್ಮಾನಿಸಿಬಿಟ್ಟಿದ್ದೆವು. ಕಾಡುಮನುಷ್ಯ ಇದ್ದಾನೆ ಅಂತ ನಂಬುವುದೇ ನಮಗೆ ಸುಲಭವಾಯಿತು, ನೋಡಿ.

ಅವತ್ತು ಯಾರೂ ಮೊದಲ ರೈಲು ಹತ್ತಲಿಲ್ಲ. ತಂದ ತಮಟೆ ಸುಮ್ಮನೆ ಯಾಕಿರಬೇಕು ಅಂತ ಅದನ್ನು ಬಾರಿಸಿಕೊಂಡೇ ಅವನನ್ನು ಮನೆಗೆ ನಡೆಸಿಕೊಂಡು ಬಂದೆವು. ನನ್ನ ಎದೆಯ ಮೇಲಿದ್ದ ಚಪ್ಪಡಿ ಯಾರೋ ಎತ್ತಿಟ್ಟ ಹಾಗಿತ್ತು. ಸೆಲ್ವಿಯಕ್ಕ ಮಾತ್ರ ಹರಕೆ ಬಿಡಬಾರದು ಅಂತ ಮಂಕರಿಯ ಮುಂದೆ ಕರ್ಪೂರ ಹಚ್ಚಿಯೇ ಬಂದಳು.

ಇಗೋ, ಚಿಕ್ಕಪ್ಪ ಅಂಗಡಿಯೊಳಗಿಂದ ಬಂದ. ಈಗ ಅವನು ಮೂಟೆ ಹೊರುವುದಿಲ್ಲ, ಮಂಡಿಯಲ್ಲಿ ಕೂತು ಹರಿದ ಚೀಲ ಹೊಲಿಯುತ್ತಾನೆ. ಆರಿಸಿದ ಗೋಣಿಗಳ ಕಟ್ಟು ಹೆಗಲಿಗೆ ಹಾಕಿಕೊಂಡು ನನ್ನನ್ನು ದಾಟಿ ಹೋದ. ಅಂಗಡಿಯ ಸಿಮೆಂಟು ನೆಲದ ಮೇಲೆ ಅವನ ಒದ್ದೆ ಚಪ್ಪಲಿಯ ಗುರುತು ಮೂಡಿದೆ. ಒಂದು ನೇರ, ಇನ್ನೊಂದು ಒಂಚೂರು ಹೊರಕ್ಕೆ. ಪಕ್ಕದಲ್ಲಿ ಕೋಲಿನ ಗುರುತಿಲ್ಲ. ಹಳೇ ಚಾಳಿ, ಬಗ್ಗಿ ಫೋಟೋ ತೆಗೆದುಕೊಂಡೆ.

"ಏನ್ಲಾ ಅಲ್ಲಿ ನೆಲ ನೋಡ್ತಾ ನಿಂತಿದ್ದೀಯಾ? ರೈಲು ಓಯ್ತದೆ, ಬಿರ್ರನೆ ಬಾ!"

ತಲೆ ಎತ್ತಿದರೆ ಅವನು ಆಗಲೇ ರಸ್ತೆಯ ಆಚೆಗಿದ್ದ. ಹಿಡಿಯಲು ನಾನೇ ಓಡಬೇಕಾಯಿತು.