ಕಂಡಿಕೆಯ ಬುಟ್ಟಿಯಲ್ಲಿ ಅಜವಾನ

ಮೊನ್ನೆ ಸೊಸೆ ಮಗುವಿನ ಹೊಟ್ಟೆನೋವಿಗೆಂದು ಅಜವಾನ ಹುರಿಯುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ಇಳಕಲ್ಲಿನ ನಮ್ಮ ಹಳೆಯ ಮನೆ ಕಣ್ಣ ಮುಂದೆ ಬಂತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಪ್ಪ, ಕಂಬಕ್ಕೆ ನೇತುಹಾಕಿದ ತಂಬಾಕಿನ ಚಂಚಿ, ಪಕ್ಕದಲ್ಲಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದ ನಾನು... ಚಂಚಿ ಆ ಕಂಬದಲ್ಲಿದ್ದ ಕೊನೆಯ ದಿನವದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು.

ಓಣಿಗೆ ಬರುತ್ತಿದ್ದ ಸರಕಾರಿ ದವಾಖಾನೆಯ ನರ್ಸ್‌ಬಾಯಿಯವರು ಅಂದೂ ಬಂದರು. ಅಪ್ಪನ ಕೆನ್ನೆಯ ಒಳಬದಿಗೆ ಬಿಳಿ ಮಚ್ಚೆ ಎದ್ದಿತ್ತು. ತಂಬಾಕು ಬಿಡದಿದ್ದರೆ ಅದು ಹುಣ್ಣಾಗಿ ಜೀವ ತೆಗೆದೀತೆಂದು ಅವರು ಹೆದರಿಸಿದ್ದರು, ಚಿತ್ರ ತೋರಿಸಿದ್ದರು. ಅಪ್ಪ ತಲೆಯಾಡಿಸುತ್ತಿದ್ದ, ಅವರು ಹೊಸ್ತಿಲು ದಾಟಿದೊಡನೆ ಚಂಚಿ ಬಿಚ್ಚುತ್ತಿದ್ದ.

ಅಂದು ಮಾತ್ರ ತಿರುಗಿ ಅಂದ: "ಬಾಯಾರ, ಮೊದ್ಲ ನೀವು ಮಿಸ್ರಿ ತಿಕ್ಕೋದು ಬಿಡ್ರಿ. ಆಮ್ಯಾಲ ನನಗ ಹೇಳಾಕ ಬರ್ರಿ."

ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವ ಚಟ ಅವರಿಗಿದ್ದದ್ದು ಓಣಿಗೆಲ್ಲ ಗೊತ್ತಿತ್ತು. ಅವರು ಸಿಟ್ಟಾಗಲಿಲ್ಲ. ಚೀಲದಿಂದ ಮಿಸ್ರಿಯ ಡಬ್ಬಿ ತೆಗೆದು ಮಗ್ಗದ ಮೇಲೆ ಕುಕ್ಕಿದರು.

"ತಗೋರಿ, ಇವತ್ತಿಗೆ ಬಿಟ್ಟೆ. ಎಲ್ಲೈತ್ರಿ ನಿಮ್ಮ ಚಂಚಿ?"

ಅಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಕಂಬದಿಂದ ಬಿಚ್ಚಿ ಕೊಟ್ಟ.

ಮರುದಿನ ಅವರು ಉಪದೇಶ ಮಾಡಲಿಲ್ಲ. ಮಧ್ಯಾಹ್ನವಿಡೀ ಮಗ್ಗದ ಪಕ್ಕ ಕೂತು ನೋಡಿದರು. ಲಾಳಿಯಲ್ಲಿನ ಕಂಡಿಕೆಯ ನೂಲು ತೀರಿದಾಗಲೆಲ್ಲ ಅಪ್ಪನ ಕೈ ಖಾಲಿ ಕಂಬದತ್ತ ಹೋಗುತ್ತಿತ್ತು. "ಕಂಡಿಕಿ ಕೊಡೂಮುಂದ ಅಜವಾನಾನೂ ಕೊಡವಾ. ಆ ಕೈ ಖಾಲಿ ಬಿಡಬ್ಯಾಡ," ಎಂದರು ನನಗೆ. ಹುರಿದ ಅಜವಾನವನ್ನೂ ಪುಟಾಣಿ ಕಡಲೆಯನ್ನೂ ಕಂಡಿಕೆಯ ಬುಟ್ಟಿಯಲ್ಲಿಟ್ಟುಕೊಂಡೆ.

"ನಾನೇನ ಬಾಣಂತಿ ಏನ, ಅಜವಾನ ತಿನ್ನಾಕ?" ಎಂದು ಅಪ್ಪ ಬೈದ. ಬೈಯುತ್ತಲೇ ತಿಂದ.

ನರ್ಸ್‌ಬಾಯಿಯವರು ಓಣಿಯ ಉಳಿದ ಮಗ್ಗಗಳಿಗೂ ಹೋದರು. ಯಾರು ಬಿಟ್ಟರು, ಯಾರು ಮತ್ತೆ ಹಿಡಿದರು ಎಂದು ಕೇಳುತ್ತ ತಿಂಗಳುಗಟ್ಟಲೆ ತಿರುಗಿದರು. ಪಕ್ಕದಲ್ಲಿ ಕಂಡಿಕೆ ಕೊಡುವವರಿದ್ದ ಮನೆಗಳಲ್ಲಿ ಹೆಚ್ಚಿನವರು ಬಿಟ್ಟಿದ್ದರು. ಒಬ್ಬರೇ ಕೂತು ನೇಯುವವರು ಬಿಟ್ಟಿರಲಿಲ್ಲ. ಮೇಲಿನ ಸಾಹೇಬರು ಬಂದು, ಚಿತ್ರ ಹಚ್ಚಿ ಭಾಷಣ ಮಾಡಿದರೆ ಸಾಕು ಎಂದಾಗ, ನರ್ಸ್‌ಬಾಯಿಯವರು ಓಣಿಯ ಎದುರೇ ಹೇಳಿದರು:

"ಭಾಷಣ ಮಾಡಿ ನೋಡೇನ್ರಿ ಸಾಹೇಬ್ರ. ಒಬ್ಬಾವನೂ ಬಿಡಲಿಲ್ಲ. ಬಾಜೂಕ ಒಬ್ರು ಕುಂದ್ರಬೇಕ್ರಿ. ನಾ ಅದನ್ನ ಹೇಳಾಕಿ."

ಸ್ವಲ್ಪ ದಿನಕ್ಕೇ ನರ್ಸ್‌ಬಾಯಿಯವರಿಗೆ ಕುಳಗೇರಿ ಕ್ರಾಸ್ ಕಡೆಗೆ ವರ್ಗವಾಯಿತು. ಬಾಡಿಗೆಯ ಕೋಣೆಯಲ್ಲಿ ಒಬ್ಬರೇ ಇದ್ದಾರಂತೆ ಎಂದು ಕೇಳಿದ್ದೆವು. ಕೆಲವು ವರ್ಷಗಳ ಮೇಲೆ ಸುದ್ದಿ ಬಂತು. ಅವರಿಗೆ ಮಿಸ್ರಿಯ ಚಟ ಮತ್ತೆ ಹತ್ತಿತ್ತು. ಬಾಯಿಯ ಹುಣ್ಣಿನಿಂದಲೇ ಹೋದರು...

"ಊರಿಗೆಲ್ಲಾ ಬುದ್ಧಿ ಹೇಳಾಕಿ, ತಾನ ಅದರಾಗ ಸತ್ಲು" ಎಂದು ಓಣಿ ಆಡಿಕೊಂಡಿತು. ಅವರ ಮಾತಿಗೆ ಬೆಲೆಯಿಲ್ಲ ಎಂಬುದನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ನಮ್ಮಪ್ಪ ಮುಪ್ಪಿನವರೆಗೂ ನೇಯ್ದ, ಮೊಮ್ಮಕ್ಕಳೊಂದಿಗೆ ಕಬ್ಬು ಸಿಗಿದು ತಿಂದ. ಆಡಿಕೊಂಡವರು ಬಂದು ಇದಕ್ಕೆ ಉತ್ತರ ಹೇಳಲಿ.

ಸೊಸೆ ಹುರಿದದ್ದರಲ್ಲಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಅಪ್ಪನ ಬಾಜೂಕ ನಾನಿದ್ದೆ. ಕುಳಗೇರಿಯ ಆ ಕೋಣೆಯಲ್ಲಿ ನರ್ಸ್‌ಬಾಯಿಯವರ ಬಾಜೂಕ ಯಾರೂ ಇರಲಿಲ್ಲ.